ತಿಂಡಿಪೋತ ಪತ್ತೇದಾರರು ನಮ್ಮೂರಲ್ಲಿ ಯಾಕಿಲ್ಲ?

ಬನ್ಸ್‌ಪ್ರಿಯೆ, ಕದ್ರಿ
ಭಾನುವಾರ ರಾತ್ರಿ 9.40

ಸ್ಟೇಟ್ ಬ್ಯಾಂಕ್‌ನಿಂದ ಸುರತ್ಕಲ್‌ಗೆ ದಿನಾ ಬಸ್ಸಲ್ಲಿ ಹೋಗಿ ಬರುವವಳು ನಾನು. ಈ ಮಳೆಗಾಲ ಪೂರ್ತಿ ಬಸ್ಸಲ್ಲಿ ಓದಿದ್ದು ಒಂದೇ ಜಾತಿಯ ಪುಸ್ತಕ. ಅಡುಗೆ ಮಾಡುವವರೋ ತಿನ್ನುವ ಚಪಲದವರೋ ಕೊಲೆ ಪತ್ತೆ ಮಾಡುವ ಇಂಗ್ಲಿಷ್ ಕಾದಂಬರಿಗಳು. ಅಮೆರಿಕದಲ್ಲಿ ಇದೊಂದು ದೊಡ್ಡ ಕವಲೇ ಉಂಟು. ಡಯಾನ್ ಮೋಟ್ ಡೇವಿಡ್ಸನ್ 1990ರಲ್ಲಿ ಶುರು ಮಾಡಿದ ಸರಣಿಯಲ್ಲಿ ಪತ್ತೇದಾರಿ ಅಂದರೆ ಕೊಲರಾಡೊದ ಒಬ್ಬಳು ಕೇಟರಿಂಗ್ ಹೆಂಗಸು. ಜೋಆನ್ ಫ್ಲೂಕ್ 2000ದಲ್ಲಿ ಶುರು ಮಾಡಿದ್ದರಲ್ಲಿ ಮಿನೆಸೋಟದ ಸಣ್ಣ ಊರಿನ ಬೇಕರಿಯವಳು. ಪೊಲೀಸರು ಮಂಡೆ ಕೆರೆದುಕೊಂಡು ಕೂತಿರುವಾಗ ಇವಳು ಕುಕ್ಕೀಸ್ ಡಬ್ಬ ಹಿಡಿದುಕೊಂಡು ಮನೆ ಮನೆಗೆ ಹೋಗಿ ಬಾಯಿ ಬಿಡಿಸ್ತಾಳೆ. ನಡುವೆ ರೆಸಿಪಿ, ಅಳತೆ ಸಮೇತ.

ಐದಾರು ಓದಿದ ಮೇಲೆ ಒಂದು ತಕರಾರು ಹುಟ್ಟಿತು. ಆ ರೆಸಿಪಿಗಳನ್ನೆಲ್ಲ ಹರಿದು ತೆಗೆದರೂ ಕೊಲೆಗಾರ ಸಿಕ್ಕಿಯೇ ಸಿಗ್ತಾನೆ. ತಿಂಡಿ ಅಲ್ಲಿ ಬರೀ ಅಲಂಕಾರ. ತಿಂಡಿಯೇ ಸಾಕ್ಷಿ ಹೇಳುವ ಕಥೆ ಕಮ್ಮಿ. ರೆಕ್ಸ್ ಸ್ಟೌಟ್‌ನ 1938ರ ಕಾದಂಬರಿ, ‘ಟೂ ಮೆನಿ ಕುಕ್ಸ್’, ನನಗೆ ಹಿಡಿಸಿದ್ದು ಅದಕ್ಕೇ. ನೀರೋ ವುಲ್ಫ್ ಅಂತ ಅವನ ಪತ್ತೇದಾರ, ಭಯಂಕರ ದಪ್ಪ, ಮನೆಯಿಂದ ಹೊರಗೆ ಕಾಲಿಡುವುದೇ ಅಪರೂಪ. ಹಾಗಿರುವವನು ಊಟದ ಆಸೆಗೆ ರೈಲು ಹತ್ತಿ ದೊಡ್ಡ ದೊಡ್ಡ ಬಾಣಸಿಗರ ಕೂಟಕ್ಕೆ ಹೋಗ್ತಾನೆ. ಅಲ್ಲೊಂದು ಪರೀಕ್ಷೆ: ಒಂದೇ ಸಾಸ್, ಒಂಬತ್ತು ಪಾತ್ರೆ, ಪ್ರತಿಯೊಂದರಲ್ಲೂ ಒಂದೊಂದು ಸಾಮಾನು ಬಿಟ್ಟಿದ್ದಾರೆ. ಯಾವುದರಲ್ಲಿ ಯಾವುದಿಲ್ಲ ಅಂತ ನಾಲಗೆಯಲ್ಲೇ ಹೇಳಬೇಕು. ಸರಿ ಹೇಳಲಿಕ್ಕೆ ಆಗದವನ ಮೇಲೆ ಸಂಶಯ. ಓದುವಾಗ ನನಗೆ ನಮ್ಮ ಅತ್ತೆ ನೆನಪಾದರು. ಯಾರ ಮನೆ ಸಾರು ಕುಡಿದರೂ “ಜೀರಿಗೆ ಹುರಿಯದೆ ಹಾಕಿದ್ದಾರೆ” ಅಂತ ದಾರಿಯಲ್ಲೇ ತೀರ್ಪು ಕೊಡುವವರು.

ನಮ್ಮ ಕರಾವಳಿಯಲ್ಲಿ ಇಂಥದ್ದೊಂದು ಕಥೆ ಬಂದರೆ ಸುಳಿವು ಏನಿರಬಹುದು? ನನ್ನದು ಒಂದು, ತಗೊಳ್ಳಿ. ಕೊಲೆ ಆದ ಬೆಳಿಗ್ಗೆ ಒಬ್ಬಳು ಪೊಲೀಸರಿಗೆ ಹೇಳ್ತಾಳೆ, “ನಾನು ರಾತ್ರಿಯಿಡೀ ತಂಗಿ ಮನೆಯಲ್ಲಿದ್ದೆ, ಏಳು ಗಂಟೆಗೆ ಬಂದು ಬನ್ಸ್ ಮಾಡಿದೆ.” ಪೊಲೀಸರು ಬರ್ಕೊಂಡು ಎರಡು ಬನ್ಸ್ ತಿಂದು ಹೋಗ್ತಾರೆ. ಆದರೆ ಅದು ಉಬ್ಬಿ ನಿಂತ, ಬಾಳೆಹಣ್ಣಿನ ಸಣ್ಣ ಹುಳಿ ಬಂದ ಬನ್ಸ್. ಹಿಟ್ಟು ರಾತ್ರಿಯೇ ಕಲಸಿಟ್ಟದ್ದು. ಕಲಸಿದ್ದು ಯಾರು?

---

ನಿವೃತ್ತ ಮಾಸ್ಟ್ರು, ಕಾರ್ಕಳ
ರಾತ್ರಿ 10.15

ಚೆನ್ನಾಗಿದೆ ತಂಗಿ. ತಂಗಿ ಮನೆಯಿಂದಲೇ ಹಿಟ್ಟು ತಂದೆ ಅಂತ ಅವಳು ಹೇಳಿದರೆ ನಿಮ್ಮ ಕೇಸು ಬಿತ್ತು. ಅದು ಬೇರೆ ವಿಷಯ.

ಕನ್ನಡಕ್ಕೆ ಪತ್ತೇದಾರಿ ಹೊಸದಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಎನ್. ನರಸಿಂಹಯ್ಯನವರ ಪುಸ್ತಕಗಳು ಬಾಡಿಗೆ ಲೈಬ್ರರಿಯಲ್ಲಿ ಕೈಗೆ ಸಿಗುತ್ತಿರಲಿಲ್ಲ, ಸದಾ ಯಾರದೋ ಮನೆಯಲ್ಲಿ. ನಾಲ್ಕನೇ ತರಗತಿವರೆಗೆ ಓದಿದ ಮನುಷ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಪತ್ತೇದಾರರನ್ನು ಕೊಟ್ಟರು. ಇನ್ನೊಬ್ಬರು ಎಂ. ರಾಮಮೂರ್ತಿ. ನಮ್ಮ ಹಳದಿ ಕೆಂಪು ಬಾವುಟ ಮಾಡಿದವರು ಪತ್ತೇದಾರಿ ಕಾದಂಬರಿಕಾರರೂ ಹೌದು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ.

ನನ್ನ ನೆನಪಿನಲ್ಲಿ ಉಳಿದಿರುವುದು ಕಾರು, ಟಾರ್ಚು, ರಿವಾಲ್ವರು, ಗುಪ್ತ ಬಾಗಿಲು. ಏನು ತಿಂದರು ಎಂಬುದು ಒಂದೂ ನೆನಪಿಲ್ಲ. ಅಡುಗೆಮನೆ ಹೆಂಗಸರದ್ದು, ಪತ್ತೇದಾರಿಕೆ ಗಂಡಸರದ್ದು ಎಂಬ ಲೆಕ್ಕವಿದ್ದ ಕಾಲ. ಹಾಗಾಗಿ ಸುಳಿವು ಒಲೆಯ ಮೇಲೆ ಕುದಿಯುತ್ತಿದ್ದರೂ ಪತ್ತೇದಾರ ತೋಟದಲ್ಲಿ ಹೆಜ್ಜೆ ಗುರುತು ಹುಡುಕುತ್ತಿದ್ದ.

---

ಕುಂದಾಪ್ರದವ
ರಾತ್ರಿ 10.32

ಎಂತ ಮಾರಾಯ್ರೆ, ಬರೀ ಬನ್ಸು ಸಾರು. ನಮ್ಮ ಬದಿಯಲ್ಲಿ ಕೋಳಿ ಸುಕ್ಕ, ಘೀ ರೋಸ್ಟ್ ಇಲ್ಲದೆ ಯಾರೂ ಸಾಯುವುದೂ ಇಲ್ಲ, ಬದುಕುವುದೂ ಇಲ್ಲ. ಪತ್ತೇದಾರ ಮೊದಲು ಉಂಡು, ಮಲಗಿ ಎದ್ದು, ಆಮೇಲೆ ಹೆಣ ನೋಡಲಿ. ಇಟಲಿಯ ಕಾದಂಬರಿಗಳಲ್ಲಿ ಬರುವ ಪತ್ತೇದಾರ ಮೊಂತಾಲ್ಬಾನೊ ಹಾಗೆಯೇ ಅಲ್ವಾ? ಊಟ ಮಾಡುವಾಗ ಮಾತಾಡಿದವರನ್ನು ಕಂಡರೆ ಅವನಿಗೆ ಸಿಟ್ಟು. ನಮ್ಮಪ್ಪಯ್ಯನೂ ಹಾಗೆ. ಮೀನಿನ ಮುಳ್ಳು ಬಿಡಿಸುವಾಗ ಫೋನ್ ಬಂದರೆ ಯಾರೇ ಇರಲಿ, ಎತ್ತುವುದಿಲ್ಲ.

---

ಧಕ್ಕೆಯ ಹುಡುಗ, ಮಂಗಳೂರು
ರಾತ್ರಿ 11.05

ಮೀನು ಅಂದ ಕೂಡಲೆ ನಾನು ಬಂದೆ. ಮೊನ್ನೆ ಒಬ್ಬರು ನನಗೆ ಒಂದು ‘ಸುಳಿವು’ ಹೇಳಿದ್ದರು. ಜುಲೈಯಲ್ಲಿ ಕೊಲೆ ಆಗ್ತದೆ, ಬಟ್ಟಲಲ್ಲಿ ಅಂಜಲ್ ಫ್ರೈ ಇರ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳಿಗೆ ನಿಷೇಧ, ಹಾಗಾದರೆ ಅಂಜಲ್ ಎಲ್ಲಿಂದ ಬಂತು, ಅಂತ ಪತ್ತೇದಾರ ಕೇಳ್ತಾನಂತೆ.

ಪತ್ತೇದಾರನಿಗೆ ಮಾರ್ಕೆಟ್ ಗೊತ್ತಿಲ್ಲ. ಮೂಡಣ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಅಲ್ಲಿ ಬೋಟು ಇಳಿದ ಮೇಲೆ ಲಾರಿಯಲ್ಲಿ ಐಸ್ ಹಾಕಿ ಇಲ್ಲಿಗೆ ಬರ್ತದೆ. ನಾಡದೋಣಿಯವರೂ ಸಮುದ್ರ ಬಿಟ್ಟುಕೊಟ್ಟರೆ ಹೋಗ್ತಾರೆ. ಸುಳಿವು ಮೀನು ಇತ್ತಾ ಇಲ್ಲವಾ ಅನ್ನುವುದರಲ್ಲಿ ಇಲ್ಲ. ಅದು ಎಷ್ಟು ದಿನದ ಮೀನು, ಅದರಲ್ಲಿ ಉಂಟು. ಕಿವಿರು ನೋಡಬೇಕು, ಕಣ್ಣು ನೋಡಬೇಕು, ಹೊಟ್ಟೆ ಒತ್ತಿ ನೋಡಬೇಕು. “ಬೆಳಿಗ್ಗೆ ಮಲ್ಪೆಯಲ್ಲಿ ನಾಡದೋಣಿಯವರ ಹತ್ತಿರ ತಗೊಂಡೆ” ಅಂತ ಹೇಳಿದವನ ಚೀಲದಲ್ಲಿ ಕಿವಿರು ಕಂದು ಬಣ್ಣಕ್ಕೆ ತಿರುಗಿದ ಮೀನು ಇದ್ದರೆ ಅವನು ಮಲ್ಪೆಗೆ ಹೋಗಲೇ ಇಲ್ಲ. ಇದನ್ನು ಇನ್ಸ್‌ಪೆಕ್ಟರ್ ಕಂಡುಹಿಡಿಯುವುದಿಲ್ಲ. ಬುಟ್ಟಿ ಇಟ್ಟು ಕೂರುವ ಮೀನಿನ ಬಾಯಮ್ಮ ದೂರದಿಂದಲೇ ಹೇಳ್ತಾಳೆ. ನನ್ನ ಓಟು ಆಕೆಗೆ. ಇಡೀ ವಾರ್ಡಿನಲ್ಲಿ ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಕೈಯಲ್ಲಿ ದುಡ್ಡಿಲ್ಲ, ಯಾರು ಯಾರೊಟ್ಟಿಗೆ ಮಾತು ಬಿಟ್ಟಿದ್ದಾರೆ, ಎಲ್ಲ ಅವಳಿಗೆ ಗೊತ್ತಿರ್ತದೆ.

---

ಮದ್ದಿನಂಗಡಿ, ಮಣಿಪಾಲ
ಸೋಮವಾರ ಬೆಳಿಗ್ಗೆ 7.20

ಧಕ್ಕೆಯವರ ಮಾತಿಗೆ ಒಂದು ಒಗ್ಗರಣೆ. ಬಂಗುಡೆ, ಕೇದರ್ ಥರದ ಮೀನನ್ನು ಐಸ್ ಇಲ್ಲದೆ ಬಿಸಿಲಲ್ಲಿ ಬಿಟ್ಟರೆ ಅದರಲ್ಲಿ ಹಿಸ್ಟಮಿನ್ ಹೆಚ್ಚುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪು, ಮೈ ತುರಿಕೆ, ತಲೆನೋವು. ನೋಡಿದವರು ವಿಷ ಹಾಕಿದ್ದಾರೆ ಅಂತ ಬೊಬ್ಬೆ ಹೊಡೀತಾರೆ. ಓದುಗರ ದಾರಿ ತಪ್ಪಿಸಲಿಕ್ಕೆ ಮೊದಲ ಅಧ್ಯಾಯಕ್ಕೆ ಇದು ಸಾಕು.

ವಿಷದ ಕಥೆಗಳಲ್ಲಿ ನನಗೆ ಈಗಲೂ ಅಗಾಥಾ ಕ್ರಿಸ್ಟಿಯೇ. ಆಕೆ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಮದ್ದಿನ ಕೋಣೆಯಲ್ಲಿ ಕೆಲಸ ಮಾಡಿದವಳು, ಅದು ಬರವಣಿಗೆಯಲ್ಲಿ ಗೊತ್ತಾಗ್ತದೆ. 1920ರಲ್ಲಿ ಬಂದ ಅವಳ ಮೊದಲ ಕಾದಂಬರಿಯ ವಿಷ ಸ್ಟ್ರಿಕ್ನಿನ್. ಅದು ಯಾವ ಮರದ್ದು? ನಮ್ಮ ಕಾಡಿನ ಕಾಸರಕದ್ದು! ತುಳುವಿನಲ್ಲಿ ಕಾಯೆರ್. ಇಂಗ್ಲೆಂಡಿನ ಬಂಗಲೆಯಲ್ಲಿ ಮುದುಕಿ ಸತ್ತದ್ದು ನಮ್ಮ ಗುಡ್ಡೆಯಲ್ಲಿ ಬೆಳೆಯುವ ಮರದ ವಿಷದಿಂದ.

ಆ ವಿಷದ ತೊಂದರೆ ಏನೆಂದರೆ ಅದು ಕಹಿ, ವಿಪರೀತ ಕಹಿ. ಯಾವುದರಲ್ಲಿ ಅಡಗಿಸುವುದು ಎಂಬುದೇ ಕಥೆಗಾರರಿಗೆ ತಲೆನೋವು. ನಮಗೆ ಆ ತಲೆನೋವಿಲ್ಲ. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಊರಿಗೆ ಊರೇ ಬೆಳಗಾಗುವ ಮೊದಲು ಎದ್ದು ಖಾಲಿ ಹೊಟ್ಟೆಯಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತದೆ. ಮುಖ ಕಿವುಚಿ, ಮೂಗು ಹಿಡಿದು, ಕಹಿ ಅಂತ ಗೊತ್ತಿದ್ದೇ ಕುಡಿಯುತ್ತದೆ. ತೊಗಟೆ ತರುವುದು ಕತ್ತಲಲ್ಲಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ. ಇದಕ್ಕಿಂತ ಒಳ್ಳೆ ಮೊದಲ ಅಧ್ಯಾಯ ಯಾವ ದೇಶದವರಿಗೆ ಸಿಕ್ಕೀತು?

---

ಪುತ್ತೂರಿನ ಅಕ್ಕ
ಬೆಳಿಗ್ಗೆ 8.02

ಬೇಡ ಮಾರಾಯ್ರೆ. ಕತ್ತಲಲ್ಲಿ ಮರ ತಪ್ಪಿ ಬೇರೆ ತೊಗಟೆ ತರಬೇಡಿ, ಗೊತ್ತಿದ್ದವರನ್ನೇ ಕರ್ಕೊಂಡು ಹೋಗಿ ಅಂತ ನಾವು ಪ್ರತಿ ವರ್ಷ ಮಕ್ಕಳಿಗೆ ಹೇಳಿ ಹೇಳಿ ಸಾಕಾಗಿದೆ. ಅದನ್ನು ತಮಾಷೆಯ ಕಥೆ ಮಾಡಬೇಡಿ. ಕಷಾಯದ ಮೇಲೆ ಮೆಂತ್ಯ ಗಂಜಿ ಉಣ್ಣುವುದು ನಮಗೆ ಹಬ್ಬ.

---

ಮದ್ದಿನಂಗಡಿ, ಮಣಿಪಾಲ
ಬೆಳಿಗ್ಗೆ 8.10

ಅಕ್ಕಾ, ನೀವು ಹೇಳಿದ್ದು ಸರಿ. ಆದರೆ ಗಮನಿಸಿ, ನಿಮ್ಮಂಥವರೇ ಆ ಕಥೆಯ ಪತ್ತೇದಾರರು. ಪಾಲೆ ತೊಗಟೆಯನ್ನು ಜಜ್ಜಿದರೆ ಹಾಲು ಬರಬೇಕು. ಅಲ್ಲಿ ಹಾಲೇ ಇಲ್ಲದ ತೊಗಟೆ ಕಂಡು ನಿಲ್ಲಿಸುವ ಹೆಂಗಸು ಒಬ್ಬಳು ಬೇಕಲ್ಲ?

---

ಪುತ್ತೂರಿನ ಅಕ್ಕ
ಬೆಳಿಗ್ಗೆ 8.31

ಹಾಗಾದರೆ ಯಾರೂ ಸಾಯುವ ಮೊದಲೇ ನಿಲ್ಲಿಸಲಿ. ಆಗ ನಾನು ಓದ್ತೇನೆ.

---

ಬೆಂಗಳೂರಿನಲ್ಲಿ ಉಡುಪಿಯವ
ಬೆಳಿಗ್ಗೆ 11.48

ಯಾರೂ ಸಾಯದ ಪತ್ತೇದಾರಿಯೂ ಉಂಟು. ಜಪಾನಿನ ಹಿಸಾಶಿ ಕಶಿವಾಯಿ ಬರೆದ ‘ಕಾಮೊಗಾವಾ ಫುಡ್ ಡಿಟೆಕ್ಟಿವ್ಸ್’. ಜಪಾನಿಯಲ್ಲಿ 2013, ಇಂಗ್ಲಿಷಿಗೆ 2023ರಲ್ಲಿ ಬಂತು. ಕ್ಯೋಟೋದಲ್ಲಿ ಬೋರ್ಡೇ ಇಲ್ಲದ ಒಂದು ಸಣ್ಣ ಹೋಟೆಲು, ನಡೆಸುವವರು ಅಪ್ಪ ಮಗಳು, ಅಪ್ಪ ಮೊದಲು ಪೊಲೀಸ್. ಜನ ಬಂದು, “ನನ್ನ ಹೆಂಡತಿ ಮಾಡುತ್ತಿದ್ದ ಆ ನೂಡಲ್ಸ್ ಮತ್ತೆ ತಿನ್ನಬೇಕು” ಅಂತ ಕೇಳ್ತಾರೆ. ಅಪ್ಪ ಊರೂರು ಅಲೆದು, ನೀರು ಯಾವುದು, ಮೀನು ಯಾವುದು ಅಂತ ಹುಡುಕಿ, ಎರಡು ವಾರ ಬಿಟ್ಟು ಬಡಿಸ್ತಾನೆ. ಅಷ್ಟೇ ಕಥೆ. ನಾನು ಮೆಟ್ರೋದಲ್ಲಿ ಕಣ್ಣು ಒರೆಸಿಕೊಂಡೆ, ನಗಬೇಡಿ.

ನನ್ನದೂ ಒಂದು ಕೇಸು ಉಂಟು, ಇಲ್ಲಿ ಇಡ್ತೇನೆ. ನಮ್ಮ ಅಜ್ಜಿ ಮನೆ ಹೆಬ್ರಿ ಕಡೆ, ಘಟ್ಟದ ಬುಡ. ಅಜ್ಜಿ ಮಾಡುತ್ತಿದ್ದ ಗುಳ್ಳದ (ಬದನೆಯ) ಬೋಳು ಹುಳಿಗೆ ಒಂದು ಥರದ ಹೊಗೆಯ ರುಚಿ ಇತ್ತು. ಅಮ್ಮ ಮಾಡಿದರೆ ಬರುವುದಿಲ್ಲ. ಊರಿಂದ ಮಟ್ಟುಗುಳ್ಳ ತಂದೆ. ಅದೇ, 2011ರಲ್ಲಿ ಜಿಐ ಅಂದರೆ ಊರಿನ ಹೆಸರಿನ ಅಧಿಕೃತ ಗುರುತು ಸಿಕ್ಕಿದ ಗುಳ್ಳ. ಬರಲಿಲ್ಲ. ತೆಂಗಿನೆಣ್ಣೆ ಒಗ್ಗರಣೆ, ಬರಲಿಲ್ಲ. ಊರಿಗೆ ಹೋಗಿ ಕಟ್ಟಿಗೆ ಒಲೆಯಲ್ಲೇ ಮಾಡಿಸಿದೆ, ಆಗಲೂ ಬರಲಿಲ್ಲ. ಅಜ್ಜಿ ಹೋಗಿ 14 ವರ್ಷ. ಕೇಳಲಿಕ್ಕೆ ಯಾರೂ ಇಲ್ಲ.

---

ಬನ್ಸ್‌ಪ್ರಿಯೆ, ಕದ್ರಿ
ಮಧ್ಯಾಹ್ನ 1.10

ಹುಣಸೆಹಣ್ಣು ಹಳೇದಾ? ಹಳೇ ಹುಣಸೆಗೆ ಬೇರೆಯೇ ರುಚಿ.

---

ಕುಂದಾಪ್ರದವ
ಮಧ್ಯಾಹ್ನ 1.25

ಬೆಂಗಳೂರಿನವರೆ, ಒಂದು ಪ್ರಶ್ನೆ. ಅಜ್ಜಿಯ ಅಡುಗೆಮನೆಯ ಭರಣಿಯಲ್ಲಿ ಕಪ್ಪಗೆ ಒಣಗಿದ, ಚರ್ಮದ ಚೂರಿನ ಹಾಗಿದ್ದ ಸಿಪ್ಪೆ ಏನಾದರೂ ಇತ್ತಾ?

---

ಬೆಂಗಳೂರಿನಲ್ಲಿ ಉಡುಪಿಯವ
ಮಧ್ಯಾಹ್ನ 1.27

ಇತ್ತು!! ಸಣ್ಣವನಿರುವಾಗ ಒಣದ್ರಾಕ್ಷಿ ಅಂತ ಕದ್ದು ಬಾಯಿಗೆ ಹಾಕಿ ಉಗುಳಿದ್ದೆ. ಹಲ್ಲು ಜುಂ ಎಂದಿತ್ತು.

---

ಕುಂದಾಪ್ರದವ
ಮಧ್ಯಾಹ್ನ 1.40

ಕೇಸು ಮುಗಿಯಿತು. ಅದು ಉಪ್ಪಾಗೆ. ಕೆಲವರು ಮಂತುಹುಳಿ ಅಂತಾರೆ. ಹಣ್ಣಾಗುವುದು ಮಳೆಗಾಲದಲ್ಲಿ, ಬಿಸಿಲಿಲ್ಲ. ಹಾಗಾಗಿ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸುತ್ತಾರೆ. ನೀವು ಹೊಗೆಯನ್ನು ಒಲೆಯಲ್ಲಿ ಹುಡುಕಿದಿರಿ, ಅದು ಹುಳಿಯಲ್ಲಿ ಇತ್ತು. ಅಜ್ಜಿ ಹುಣಸೆ ಹಾಕುತ್ತಲೇ ಇರಲಿಲ್ಲ ಅಂತ ಕಾಣ್ತದೆ. ನಮ್ಮಲ್ಲಿ ಮೀನು ಸಾರಿಗೆ ಈಗಲೂ ಹಾಕುವವರಿದ್ದಾರೆ. ವಿಳಾಸ ಅಡ್ಮಿನ್‌ಗೆ ಖಾಸಗಿಯಾಗಿ ಕೊಡಿ, ಅರ್ಧ ಕೆಜಿ ಬಸ್ಸಿಗೆ ಹಾಕ್ತೇನೆ. ಫೀಸು: ಒಂದು ಊಟ.

---

ನಿವೃತ್ತ ಮಾಸ್ಟ್ರು, ಕಾರ್ಕಳ
ಮಧ್ಯಾಹ್ನ 2.05

ಘೀ ರೋಸ್ಟಿನವನು ಗೆದ್ದ! ಉಂಡು ಮಲಗಿ ಎದ್ದ ಮೇಲೆ ಎಂದಿದ್ದ, ಮಲಗುವ ಮೊದಲೇ ಬಿಡಿಸಿದ.

---

ಅಡುಗೆ ಭಟ್ರ ಮಗ, ಉಡುಪಿ
ಸೋಮವಾರ ರಾತ್ರಿ 10.50

ಎರಡು ದಿನದಿಂದ ಓದ್ತಾ ಇದ್ದೇನೆ. ಅಪ್ಪ ಮದುವೆ, ಉಪನಯನಗಳಿಗೆ ಅಡುಗೆ ಮಾಡುವವರು. ಕಾಲೇಜು ರಜೆಯಲ್ಲಿ ನಾನೂ ಬಡಿಸಲಿಕ್ಕೆ ಹೋಗಿದ್ದೇನೆ. ಇಂಗ್ಲಿಷ್ ಕಥೆಗಳಲ್ಲಿ ಬೀಗ ಹಾಕಿದ ಕೋಣೆ ಅಂತ ಬರ್ತದಲ್ಲ, ಒಳಗೆ ಹೋದವರಿಲ್ಲ ಹೊರಗೆ ಬಂದವರಿಲ್ಲ. ನಮ್ಮಲ್ಲಿ ಅದಕ್ಕೆ ಬೀಗ ಬೇಡ, ಮಡಿ ಸಾಕು. ಅಡುಗೆಶಾಲೆಯೊಳಗೆ ಯಾರು ಹೋಗಬಹುದು, ಯಾರು ಹೊಸ್ತಿಲಲ್ಲಿ ನಿಲ್ಲಬೇಕು, ಪಾತ್ರೆ ಯಾರು ಮುಟ್ಟಬಹುದು, ಎಲ್ಲ ಮೊದಲೇ ನಿಗದಿ. ಸಂಶಯಿತರ ಪಟ್ಟಿ ಕೊಲೆ ಆಗುವ ಮೊದಲೇ ತಯಾರು. (ಆ ಹೊಸ್ತಿಲಿನಲ್ಲಿ ತಡೆದು ನಿಲ್ಲಿಸಲ್ಪಟ್ಟವರ ಸಿಟ್ಟೂ ಒಂದು ಒಳ್ಳೆ ಕಾರಣ ಆಗಬಹುದು. ಅದನ್ನು ಬರೆಯುವ ಧೈರ್ಯ ಇರಬೇಕು, ಅಷ್ಟೆ.)

ಸುಳಿವಿಗೆ ಚಾತುರ್ಮಾಸ್ಯ ನೋಡಿ. ವ್ರತ ಹಿಡಿದ ಮನೆಯಲ್ಲಿ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೇ ತಿಂಗಳು ಮೊಸರಿಲ್ಲ, ಮೂರನೆಯದ್ದು ಹಾಲಿಲ್ಲ, ನಾಲ್ಕನೆಯದ್ದು ಬೇಳೆಕಾಳಿಲ್ಲ. ಎರಡನೇ ತಿಂಗಳಲ್ಲಿ ಸತ್ತ ಅಂತ ಹೇಳುವ ಅಜ್ಜನ ಬಟ್ಟಲಲ್ಲಿ ಮೊಸರು ಒಣಗಿದ್ದರೆ? ಅಜ್ಜ ವ್ರತ ಮುರಿದರೋ, ಯಾರಾದರೂ ತಾರೀಕು ಮುರಿದರೋ?

ಆದರೆ ನನ್ನನ್ನು ಕಾಡುವುದು ಪಂಕ್ತಿ. 200 ಎಲೆ, ಒಂದೇ ಕೊಪ್ಪರಿಗೆಯ ಸಾರು, ಒಂದೇ ಬಕೆಟ್. ಉಣ್ಣುವವನು ಆರಿಸಿಕೊಳ್ಳುವ ಹಾಗಿಲ್ಲ, ಎಲ್ಲಿ ಕೂರ್ತಾನೆ ಅಂತ ಮೊದಲೇ ಗೊತ್ತಿರುವುದಿಲ್ಲ. ಅಲ್ಲಿ ಒಬ್ಬನೇ ಒಬ್ಬನಿಗೆ ವಿಷ ಮುಟ್ಟಿಸುವುದು ಹೇಗೆ?

---

ಬನ್ಸ್‌ಪ್ರಿಯೆ, ಕದ್ರಿ
ರಾತ್ರಿ 11.02

ಎಲೆಗೆ ಮೊದಲೇ ಹಚ್ಚಿದ್ದರೆ?

---

ಅಡುಗೆ ಭಟ್ರ ಮಗ, ಉಡುಪಿ
ರಾತ್ರಿ 11.06

ಕೂತ ಕೂಡಲೆ ನೀರು ಚಿಮುಕಿಸಿ ಒರೆಸ್ತಾರಲ್ಲ ಅಕ್ಕ.

---

ಧಕ್ಕೆಯ ಹುಡುಗ, ಮಂಗಳೂರು
ರಾತ್ರಿ 11.15

ಸಕ್ಕರೆ ಕಾಯಿಲೆಯವರಿಗೆ ಪಾಯಸ ಬೇರೆ ಮಾಡ್ತಾರೆ ಈಗ. ಅದರಲ್ಲಿ?

---

ಅಡುಗೆ ಭಟ್ರ ಮಗ, ಉಡುಪಿ
ರಾತ್ರಿ 11.19

ಅದು ಹತ್ತು ಮೂವತ್ತು ಜನಕ್ಕೆ ಹೋಗ್ತದೆ. ನಾಳೆ ಅಪ್ಪನನ್ನೇ ಕೇಳ್ತೇನೆ. ಬೈಸಿಕೊಳ್ಳುವುದು ಗ್ಯಾರಂಟಿ.

---

ಅಡುಗೆ ಭಟ್ರ ಮಗ, ಉಡುಪಿ
ಮಂಗಳವಾರ ರಾತ್ರಿ 9.30

ಕೇಳಿದೆ. ಬೈಯಲಿಲ್ಲ! ತರಕಾರಿ ಹೆಚ್ಚುತ್ತಾ ಇದ್ದರು, ಮೆಟ್ಟುಕತ್ತಿ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು. ಅವರು ಹೇಳಿದ್ದನ್ನು ಆದಷ್ಟು ಹಾಗೆಯೇ ಬರೆಯುತ್ತೇನೆ.

“ಮೊದಲ ಪಂಕ್ತಿಯವನನ್ನು ಯಾರೂ ಕೊಲ್ಲಲಿಕ್ಕೆ ಸಾಧ್ಯ ಇಲ್ಲ. ಕಡೇ ಪಂಕ್ತಿಯಲ್ಲಿ ಯಾರು ಕೂರ್ತಾರೆ ಹೇಳು. ಮನೆ ಯಜಮಾನ, ಬಡಿಸಿದವರು, ನಾವು. ಯಜಮಾನ ಎಲ್ಲರ ಊಟ ಆಗದೆ ಕೂರುವುದಿಲ್ಲ, ಅದು ಊರಿಗೇ ಗೊತ್ತು. ಅವನಿಗೆ ಬರುವುದು ಕೊಪ್ಪರಿಗೆಯ ಅಡಿ. ಸಾರು ಮೊದಲ ಪಂಕ್ತಿಗೆ ತಿಳಿ, ಕಡೆಯದ್ದಕ್ಕೆ ಗಟ್ಟಿ. ಅಡಿಯಲ್ಲಿ ಕೂತದ್ದೆಲ್ಲ ಕಡೆಯವರಿಗೆ. ಅದಕ್ಕೇ ಪ್ರತಿ ಸಲ ಸೌಟು ಅಡಿ ಮುಟ್ಟಿಸಿ ತಿರುವಿಯೇ ಬಕೆಟಿಗೆ ಹಾಕಬೇಕು ಅಂತ ನಾನು ನಿನಗೆ ಬೊಬ್ಬೆ ಹೊಡೆಯುವುದು. ಅವತ್ತು ತಿರುವದೆ ಮೇಲಿಂದಲೇ ಮೊಗೆದವನು ಯಾರು ಅಂತ ನೋಡು.”

ಆಮೇಲೆ ನಾನು ಕೇಳಿದೆ, ಅದನ್ನು ಕಂಡುಹಿಡಿಯುವುದು ಹೇಗೆ, ತಿರುವಿದ್ದು ಯಾರು ನೋಡಿರ್ತಾರೆ? ಅಪ್ಪ ನಕ್ಕರು. ಪ್ರತಿ ಪಂಕ್ತಿ ಎದ್ದ ಮೇಲೆ ಅವರು ಹಿತ್ತಲಿಗೆ ಹೋಗಿ ಎಂಜಲೆಲೆ ರಾಶಿ ನೋಡಿ ಬರ್ತಾರೆ, ಏನು ಉಳಿಸಿದ್ದಾರೆ ಅಂತ. ನಾನು ಬೀಡಾ ಹಾಕಲಿಕ್ಕೆ ಹೋಗುವುದು ಅಂದುಕೊಂಡಿದ್ದೆ ಇಷ್ಟು ವರ್ಷ. “ತಿರುವಿ ಬಡಿಸಿದ ಸಾರಾದರೆ ಎಲ್ಲ ಪಂಕ್ತಿಯ ಎಲೆಯಲ್ಲೂ ಕರಿಬೇವು, ಬೇಳೆಯ ಚರಟ ಒಂದೇ ಹಾಗೆ ಉಳಿದಿರ್ತದೆ. ಮೊದಲಿನವರ ಎಲೆ ತೊಳೆದ ಹಾಗೆ ಉಂಟು, ಕಡೆಯವರ ಎಲೆಯಲ್ಲಿ ಚರಟವೇ ಚರಟ ಅಂದರೆ ಸೌಟು ಅಡಿಗೆ ಹೋಗಲೇ ಇಲ್ಲ.”

---

ಮದ್ದಿನಂಗಡಿ, ಮಣಿಪಾಲ
ರಾತ್ರಿ 9.44

ನನಗೆ ರೋಮಾಂಚನ ಆಯಿತು. ನಾನು ಹೇಳಿದ ಆ 1920ರ ಕಾದಂಬರಿಯ ಗುಟ್ಟೂ ಇದೇ. ಬಾಟಲಿಯ ಅಡಿಯಲ್ಲಿ

---

ಬನ್ಸ್‌ಪ್ರಿಯೆ, ಕದ್ರಿ
ರಾತ್ರಿ 9.45

ನಿಲ್ಲಿಸಿ ಮದ್ದಿನಂಗಡಿಯವರೇ!! ನಾನು ಅದನ್ನು ಓದಿಲ್ಲ!

---

ಮದ್ದಿನಂಗಡಿ, ಮಣಿಪಾಲ
ರಾತ್ರಿ 9.47

ನೂರು ವರ್ಷ ಟೈಮ್ ಕೊಟ್ಟಿದ್ದೇವೆ ನಿಮಗೆ. ಆಯಿತು, ಬಾಯಿ ಮುಚ್ಚಿದೆ.

---

ಪುತ್ತೂರಿನ ಅಕ್ಕ
ರಾತ್ರಿ 9.58

ಎಂಜಲೆಲೆ ತೆಗೆಯುವವರು ಹೆಚ್ಚಿನ ಕಡೆ ಹೆಂಗಸರು. ಅವರಿಗೆ ನಿಮ್ಮ ಅಪ್ಪನಿಗಿಂತ ಮೊದಲು ಗೊತ್ತಾಗಿರ್ತದೆ. ಯಾರು ಪಾಯಸ ಮುಟ್ಟಲಿಲ್ಲ, ಯಾವ ಮದುಮಗಳು ಉಣ್ಣಲೇ ಇಲ್ಲ, ಎಲ್ಲವೂ. ಅವರನ್ನು ಯಾರೂ ಕೇಳುವುದಿಲ್ಲ, ಅಷ್ಟೇ.

---

ಬನ್ಸ್‌ಪ್ರಿಯೆ, ಕದ್ರಿ
ರಾತ್ರಿ 10.10

ಅಕ್ಕಾ, ಪತ್ತೇದಾರಿ ಸಿಕ್ಕಿದಳು. ಭಟ್ರು ಪೊಲೀಸರ ಜಾಗದಲ್ಲಿರಲಿ: ಸರಿಯಾದ್ದನ್ನೇ ನೋಡುವವರು, ಆದರೆ ಒಂದು ಪಂಕ್ತಿ ತಡ. ಎಲೆ ತೆಗೆಯುವವಳು ಮೊದಲು ನೋಡುವವಳು. ನಾನು ನಿಜಕ್ಕೂ ಬರೆಯಲಿಕ್ಕೆ ಕೂರ್ತೇನೆ. ಭಟ್ರ ಮಗನೇ, ಒಂದು ದಿನ ನಿಮ್ಮ ಅಪ್ಪನ ಜೊತೆ ಅಡುಗೆಶಾಲೆಯ ಹೊರಗೆ ಕೂತು ನೋಡಬಹುದಾ? ಹೊಸ್ತಿಲು ದಾಟುವುದಿಲ್ಲ.

---

ಅಡುಗೆ ಭಟ್ರ ಮಗ, ಉಡುಪಿ
ರಾತ್ರಿ 10.35

ಅಪ್ಪ ಬನ್ನಿ ಅಂದರು. ತೆಂಗಿನಕಾಯಿ ತುರಿಯುವ ಕೆಲಸ ಕೊಡ್ತಾರಂತೆ, ಸುಮ್ಮನೆ ಕೂರುವ ಹಾಗಿಲ್ಲ. ಮತ್ತೆ ಒಂದು ಪ್ರಶ್ನೆ ಕೇಳಿದ್ದಾರೆ. ಕಡೇ ಪಂಕ್ತಿಯಲ್ಲಿ ಯಜಮಾನನ ಜೊತೆ ಬಡಿಸುವವರೂ ಕೂರ್ತಾರಲ್ಲ, ಕಥೆಯಲ್ಲಿ ಅವರೂ ಸಾಯ್ತಾರಾ? ಸಾಯುವುದಾದರೆ ಬೇಡವಂತೆ. ಮಾಘದಲ್ಲಿ ನಾಲ್ಕು ಮದುವೆ ಒಪ್ಪಿಕೊಂಡಿದ್ದಾರೆ, ಬಡಿಸಲಿಕ್ಕೆ ಈಗಲೇ ಜನ ಸಿಗುವುದಿಲ್ಲ.